ಮೂರಡಿ ಒಂದಂಗುಲದ ಹಾಸಿಗೆ

ಸೋಮವಾರ ಬೆಳಿಗ್ಗೆ 10.40ಕ್ಕೆ ದರ್ಜಿ ಹೆಂಗಸೊಬ್ಬಳು ಸರಕಿನ ಗಾಡಿಯಲ್ಲಿ ಹಾಸಿಗೆಯೊಂದನ್ನು ಹೇರಿಕೊಂಡು ಠಾಣೆಗೆ ಬಂದಳು. ಪೇದೆಯೂ ಗಾಡಿಯವನೂ ಅದನ್ನು ಹೊತ್ತು ತಂದು ಹೆಡ್ ಕಾನ್‌ಸ್ಟೇಬಲ್‌ನ ಮೇಜಿಗೆ ಒರಗಿಸಿದರು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇದರಲ್ಲಿ ನನ್ನ ಕಾಲೇ ಹಿಡಿಸಲ್ಲವಲ್ಲಮ್ಮ," ಎಂದ ಹೆಡ್ ಕಾನ್‌ಸ್ಟೇಬಲ್.

ಅವಳು ನಗಲಿಲ್ಲ. ಮೂಲೆಯಲ್ಲಿ ಕತ್ತರಿಸಿದ್ದ ಹೊಸ ಬಟ್ಟೆಯನ್ನು ಹಿಂದಕ್ಕೆ ಮಡಚಿದಳು. ಒಳಗೆ ಇನ್ನೊಂದು ಬಟ್ಟೆಯಿತ್ತು, ಮಾಸಿದ್ದು. ಅದರ ಮೇಲೆ ಅಂಗೈಯಗಲದ ತೇಪೆ, ಹಸಿರು ದಾರದ ಹೊಲಿಗೆ.

"ಇದು ನನ್ನ ಕೈಹೊಲಿಗೆ. ನನ್ನ ಗಂಡ ಸತ್ತಿದ್ದು ಇದರ ಮೇಲೆ."

ಇನ್ಸ್‌ಪೆಕ್ಟರ್ ಒಳಗಿನಿಂದ ಎದ್ದು ಬಂದು ಅವಳಿಗೆ ಕುರ್ಚಿ ಹಾಕಿಸಿದರು. ಅವಳು ಹೇಳಿದ್ದಿಷ್ಟು. ಬಡಗಿಯಾಗಿದ್ದ ಗಂಡ ಎಂಟು ತಿಂಗಳು ಮಲಗಿದಲ್ಲೇ ಇದ್ದ. ಬೆನ್ನ ಹುಣ್ಣು ಕೀವಾಗಿತ್ತು. ಅವನು ತೀರಿಕೊಂಡ ಮೇಲೆ ಹಾಸಿಗೆಯನ್ನು ಯಾರೂ ಬಳಸದಂತೆ ನಾಶಮಾಡಿ ಎಂದು ಡಾಕ್ಟರು ಹೇಳಿದ್ದರು. ಹಳೆಯ ಹಾಸಿಗೆಯನ್ನು ತಯಾರಿಸಿದ ಕಂಪನಿಯೇ ವಾಪಸ್ ಪಡೆದು ಚೂರು ಮಾಡಬೇಕೆಂಬ ಕಾನೂನಿದೆ. ಕಂಪನಿ ಒಯ್ದಿತು, ಚೂರು ಮಾಡಿದ್ದೇವೆಂದು ಪ್ರಮಾಣಪತ್ರವನ್ನೂ ಕಳಿಸಿತು. ಕಳೆದ ತಿಂಗಳು ಮಗಳು ಹಸುಗೂಸಿನೊಂದಿಗೆ ಬರುವವಳಿದ್ದಾಗ ಅದೇ ಕಂಪನಿಗೆ ಹೊಸ ಹಾಸಿಗೆ ಹೇಳಿದಳು. ಈಗ ಮಗುವಿಗೆ ಮೈತುಂಬ ಕೀವುಗುಳ್ಳೆ, ಇಳಿಯದ ಜ್ವರ, ಆಸ್ಪತ್ರೆಯಲ್ಲಿದೆ. ಮಗು ಮಲಗುವ ಜಾಗ ನೋಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಹಾಸಿಗೆಗೆ ಕತ್ತರಿ ಹಾಕಿದ್ದಳು.

"ಹಳೇದನ್ನ ಮನೆಯಿಂದ ಒಯ್ದಿದ್ದು ಯಾರು?"

"ನನ್ನ ಮೈದುನ. ಚೂರು ಮಾಡೋ ಗುತ್ತಿಗೆ ಅವನದೇ. ಪಾಪ, ಅವನಿಗೂ ಕಂಪನಿಯವರು ಟೋಪಿ ಹಾಕಿದಾರೆ."

11.25ಕ್ಕೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಅವಳ ಮನೆಯಲ್ಲಿ ಪಂಚನಾಮೆ. ಗಂಡ ಮೆಟ್ಟಿಲ ಕೆಳಗಿನ ಸಂದಿಗೆಂದೇ ಮಾಡಿದ್ದ ಮಂಚ: ಉದ್ದ ಐದಡಿ ಎಂಟಂಗುಲ, ಅಗಲ ಮೂರಡಿ ಒಂದಂಗುಲ. ಇಂಥ ಅಳತೆ ಯಾವ ಅಂಗಡಿಯಲ್ಲೂ ಸಿಗದು.

"ಹೊಸದು ಎಷ್ಟು ದಿನಕ್ಕೆ ಬಂತು?" ಇನ್ಸ್‌ಪೆಕ್ಟರ್ ಕೇಳಿದರು.

"ಮೂರನೇ ದಿನಕ್ಕೇ. ಮೈದುನನೇ ಓಡಾಡಿ ತಂದುಕೊಟ್ಟ."

ಅಲ್ಲಿಂದ ಇನ್ಸ್‌ಪೆಕ್ಟರ್ ಕಂಪನಿಯ ಕಾರ್ಖಾನೆಗೆ ಹೋದರು. ಹಾಸಿಗೆ ಕೊಯ್ಯುವ ವಿಭಾಗದ ಮೇಸ್ತ್ರಿ ಅಳತೆ ನೋಡಿ ತಲೆಯಾಡಿಸಿದ.

"ಇದು ಯಂತ್ರಕ್ಕೆ ಬರಲ್ಲ ಸಾರ್, ಕೈಯಲ್ಲೇ ಕೊಯ್ಯಬೇಕು. ಇಪ್ಪತ್ತು ದಿನ ಹಿಡಿಯತ್ತೆ."

"ಕಳೆದ ತಿಂಗಳು ಕೊಯ್ದಿರಾ?"

"ಇಲ್ಲವಲ್ಲ."

ಮ್ಯಾನೇಜರ್ ಆಗಲೇ ಕೈ ತೊಳೆದುಕೊಳ್ಳಲು ಸಿದ್ಧನಾಗಿದ್ದ. "ಗುತ್ತಿಗೆದಾರನಿಗೆ ಕೊಟ್ಟ ಮೇಲೆ ನಮ್ಮ ಜವಾಬ್ದಾರಿ ಮುಗೀತು."

"ಕಾನೂನು ಹಾಗನ್ನಲ್ಲ. ಮಾಡಿದವನೇ ಮಣ್ಣು ಮಾಡಬೇಕು ಅನ್ನತ್ತೆ. ಚೂರು ಮಾಡಿದ್ದನ್ನ ನೋಡಿದೀರಾ?"

"ಪ್ರಮಾಣಪತ್ರ ಬರತ್ತಲ್ಲ."

"ಚೂರು?"

ಮ್ಯಾನೇಜರ್ ನೀರು ಕುಡಿದ.

4.15ಕ್ಕೆ ಪೊಲೀಸರು ಗುತ್ತಿಗೆದಾರನ ಶೆಡ್ಡಿಗೆ ಹೋದರು. ಚೂರು ಮಾಡುವ ಯಂತ್ರದ ಹಲ್ಲುಗಳಲ್ಲಿ ಜೇಡ ಬಲೆ ಕಟ್ಟಿತ್ತು. ಒಂದು ಗೋಡೆಗೆ ಹಳೆಯ ಹಾಸಿಗೆಗಳ ರಾಶಿ, ಇನ್ನೊಂದು ಗೋಡೆಗೆ ಹೊಸ ಬಟ್ಟೆಯ ಸುರುಳಿಗಳು. ಸುರುಳಿಗಳ ಮೇಲೆ ಕಂಪನಿಯ ಉಗ್ರಾಣದ ಮುದ್ರೆಯಿತ್ತು. ನಡುವೆ ಇಬ್ಬರು ಕೂತು ಹೊಲಿಯುತ್ತಿದ್ದರು.

"ಮೇಲೆ ಥಳಕು, ಒಳಗೆ ಹುಳುಕು," ಎಂದು ಗೊಣಗುತ್ತ ಹೆಡ್ ಕಾನ್‌ಸ್ಟೇಬಲ್ ಸುರುಳಿಗಳಿಗೆ ಸೀಲು ಹಾಕಿದ.

ಮೈದುನ ಓಡಲಿಲ್ಲ. ಸ್ಟೂಲಿನ ಮೇಲೆ ಕೂತು ಉತ್ತರ ಕೊಟ್ಟ.

"ಯಂತ್ರ ಕೆಟ್ಟು ಎಷ್ಟು ಕಾಲ ಆಯ್ತು?"

"ಎರಡು ವರ್ಷ. ರಿಪೇರಿ ಮಾಡಿಸಿ ಅಂತ ಮ್ಯಾನೇಜರನ್ನ ಕೇಳಿದೆ. ಬಟ್ಟೆ ಕಳಿಸಿದರು."

"ಈ ಹಾಸಿಗೆ ನಿಮ್ಮಣ್ಣಂದು ಅಂತ ಗೊತ್ತಿತ್ತಾ?"

"ಆ ಅಳತೆ ಇನ್ಯಾರದು ಸಾರ್. ಮಂಚ ಮಾಡುವಾಗ ಹಲಗೆ ಹಿಡಿದಿದ್ದೇ ನಾನು."

"ಗೊತ್ತಿದ್ದೂ ಕೊಟ್ಟೆಯಾ?"

ಅವನು ಮೊಣಕಾಲು ಉಜ್ಜಿಕೊಂಡ. "ಬೇರೆ ಯಾರಿಗೋ ಹೋಗೋ ಬದಲು ನಮ್ಮನೇದು ನಮ್ಮನೆಗೇ ಹೋಗಲಿ ಅಂದ್ಕೊಂಡೆ. ಒಂದು ದಿನ ಪೂರ್ತಿ ಬಿಸಿಲಿಗೆ ಹಾಕಿದ್ದೆ."

ಅಷ್ಟು ಹೊತ್ತು ಬರೆದುಕೊಳ್ಳುತ್ತಿದ್ದ ಪೇದೆ ಪೆನ್ನು ಕೆಳಗಿಟ್ಟ. ಅವನೂ ಒಬ್ಬಳ ಮೈದುನನೇ.

5.50ಕ್ಕೆ ಗುತ್ತಿಗೆದಾರನ ಬಂಧನ, 7.10ಕ್ಕೆ ಮ್ಯಾನೇಜರ್‌ನದು. ಮೊದಲನೇ ಆರೋಪಿ ಮ್ಯಾನೇಜರ್, ಎರಡನೆಯವನು ಮೈದುನ. ದುರಾಸೆ ಎಂದು ಬರೆದು ಕಡತ ಮುಚ್ಚಬಹುದಿತ್ತು. ಆದರೆ ಇನ್ಸ್‌ಪೆಕ್ಟರಿಗೆ ಕಂಡದ್ದು ಬೇರೆ. ಕಂಪನಿಗೆ ಬೇಕಾಗಿದ್ದದ್ದು ಕಾಗದ ಮಾತ್ರ, ಚೂರನ್ನು ಯಾರೂ ಕೇಳಲಿಲ್ಲ. ಮೊದಲ ಹಾಸಿಗೆಗೆ ಹೊಸ ಬಟ್ಟೆ ತೊಡಿಸಿದ ದಿನ ಮೈದುನನಿಗೆ ನಿದ್ದೆ ಬಂದಿರಲಿಲ್ಲವಂತೆ. ಆಮೇಲೆ ಬರತೊಡಗಿತು, ಕೊನೆಗೆ ಅಣ್ಣನ ಹಾಸಿಗೆಯೂ ಬರೀ ಅಳತೆಯಾಯಿತು.

ಮರುದಿನ ದರ್ಜಿ ಹೇಳಿಕೆಗೆ ಸಹಿ ಹಾಕಲು ಬಂದಳು. ಲಾಕಪ್ಪಿನಿಂದ ಅವನು ಕೇಳಿದ, "ಅತ್ತಿಗೆ, ಮಗು ಹೇಗಿದೆ?"

ಜ್ವರ ಆ ಬೆಳಿಗ್ಗೆಯಷ್ಟೇ ಇಳಿದಿತ್ತು. ಅವಳು ತಿರುಗಲಿಲ್ಲ. ಹೇಳಿಕೆಯನ್ನು ಕೊನೆಯವರೆಗೂ ಓದಿ ಹೆಡ್ ಕಾನ್‌ಸ್ಟೇಬಲ್ ಮುಂದೆ ತಳ್ಳಿದಳು.

"ಇಲ್ಲಿ ಮೈದುನ ಅಂತ ಬರೆದಿದೀರಿ. ಅದನ್ನ ಹೊಡೆದುಹಾಕಿ, ಗುತ್ತಿಗೆದಾರ ಅಂತ ಬರೀರಿ."

ಹೆಡ್ ಕಾನ್‌ಸ್ಟೇಬಲ್ ಇನ್ಸ್‌ಪೆಕ್ಟರ್ ಮುಖ ನೋಡಿದ. ಅವರು ಹೂಂ ಎಂದರು. ಅವನು ತಿದ್ದಿಕೊಟ್ಟ ಮೇಲೆ ಅವಳು ಸಹಿ ಹಾಕಿದಳು.