ನಿಂತಾಗ ಮಾತ್ರ ಬಿಸಿ

"ಮತ್ತೆ ಬಿಸಿ ಆಗ್ತಿದೆ," ಅಂದರು ಹಲ್ಲಿನ ಡಾಕ್ಟರು, ಕಾರಿನ ಕೀ ನನ್ನ ಗ್ಯಾರೇಜಿನ ಮೇಜಿನ ಮೇಲಿಟ್ಟು.

ಅವರ ಕಾರಿಗೆ ಸೂಪರ್‌ಚಾರ್ಜರ್ ಹಾಕಿದವಳು ನಾನೇ. ಇಂಜಿನ್‌ಗೆ ಹೆಚ್ಚು ಗಾಳಿ ನುಗ್ಗಿಸಿ ಓಟದ ಕಸುವು ಕೊಡುವ ಯಂತ್ರ ಅದು. ಸೈಕಲ್‌ನವರಿಗೂ ದಾರಿ ಬಿಟ್ಟು ಓಡಿಸುವ ಈ ಮನುಷ್ಯನಿಗೆ ಅದು ಯಾಕೆ ಬೇಕಿತ್ತು ಅನ್ನುವ ಅನುಮಾನ ನನಗೆ ಮೊದಲಿನಿಂದಲೂ ಇತ್ತು.

ಇಂಜಿನ್ ತಂಪಾಗಿಡುವ ಕೂಲೆಂಟ್ ಸರಿಯಿದೆ, ಥರ್ಮೋಸ್ಟಾಟ್ ಹೊಸದು, ಪಂಪಿನಲ್ಲಿ ದೋಷವಿಲ್ಲ. ರಸ್ತೆಯಲ್ಲಿ ನಾನು ಓಡಿಸಿ ನೋಡಿದರೆ ಬಿಸಿ ತೋರಿಸುವ ಮುಳ್ಳು ಅರ್ಧಕ್ಕಿಂತ ಮೇಲೇರುವುದಿಲ್ಲ. ಇವರ ಕೈಗೆ ಹೋದರೆ ಮಾತ್ರ ಕೆಂಪು ಗೆರೆ ಮುಟ್ಟುತ್ತದೆ.

"ಓಡ್ತಿರುವಾಗ ಬಿಸಿ ಆಗುತ್ತಾ, ನಿಂತಾಗಲಾ?"

"ನಿಂತಾಗ."

"ಎಲ್ಲಿ ನಿಂತಾಗ ಡಾಕ್ಟ್ರೇ?"

"ಹೀಗೇ... ಒಂದು ಬೀದೀಲಿ. ಇಂಜಿನ್ ಆನ್ ಇಟ್ಕೊಂಡು, ಸ್ವಲ್ಪ ಹೊತ್ತು."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ಇಂಜಿನ್ ಆರಿಸದೆ ಬೀದಿಯಲ್ಲಿ ಕಾಯುವ ಗಂಡಸು ಯಾರ ಮನೆಯ ಬಾಗಿಲು ನೋಡುತ್ತಿರುತ್ತಾನೆ? ನನಗೆ ಹೊಟ್ಟೆ ಉರಿಯಿತು. ಉರಿದುಕೊಳ್ಳುವ ಹಕ್ಕು ನನಗಿಲ್ಲ ಅನ್ನುವುದು ಇನ್ನಷ್ಟು ಉರಿಸಿತು.

"ಯಾರಿಗೋ ಕಾಯ್ತೀರೇನೋ," ಅಂದೆ, ಬಾನೆಟ್ ಎತ್ತುತ್ತಾ.

"ಛೆ, ಹಾಗೇನಿಲ್ಲ. ಯಾರು ಹೇಳಿದ್ರು ನಿಮಗೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು. ಕಿವಿ ಬೇರೆ ಕೆಂಪಗಾಗಿತ್ತು.

ಇಂಜಿನ್ ಆನ್ ಮಾಡಿಸಿ, ಕಾರು ನಿಂತಲ್ಲೇ ಇರಲಿ ಎಂದು ಕಾದೆ. ಹೊರಗಾಳಿ ಒಳಕ್ಕೆಳೆಯಬೇಕಾದ ಫ್ಯಾನ್ ತಿರುಗಿತು, ಆದರೂ ಮುಳ್ಳು ಏರಿತು. ಹಳೇ ಪೇಪರಿನ ಹಾಳೆಯೊಂದನ್ನು ಮುಂದಿನ ಜಾಲರಿಗೆ ಹಿಡಿದೆ. ಒಳಕ್ಕೆ ಸೆಳೆದು ಅಂಟಿಕೊಳ್ಳಬೇಕಿದ್ದ ಹಾಳೆ ಹಾರಿ ನನ್ನ ಮುಖಕ್ಕೇ ಬಡಿಯಿತು. ಫ್ಯಾನ್ ಉಲ್ಟಾ ತಿರುಗುತ್ತಿತ್ತು. ಸೂಪರ್‌ಚಾರ್ಜರ್‌ಗೆ ಜಾಗ ಮಾಡಲು ಬಿಚ್ಚಿದ್ದ ಫ್ಯಾನಿನ ಎರಡು ವೈರು, ಮರಳಿ ಜೋಡಿಸುವಾಗ ಅದಲುಬದಲಾಗಿದ್ದವು. ಓಡುವಾಗ ಎದುರುಗಾಳಿ ಇಂಜಿನ್ ಕಾಪಾಡುತ್ತಿತ್ತು, ನಿಂತರೆ ಗತಿಯಿರಲಿಲ್ಲ.

ಕಾರಿನ ತೊಂದರೆ ಗೊತ್ತಾಯಿತು. ನನ್ನದು ಹಾಗೇ ಉಳಿಯಿತು.

"ಫ್ಯಾನಿನ ವೈರು ಅದಲುಬದಲಾಗಿದೆ, ಸರಿ ಮಾಡ್ತೀನಿ. ಆದ್ರೆ ಆ ಬೀದಿ ಯಾವ್ದು ಅಂತ ಹೇಳದಿದ್ರೆ ಕೀ ಕೊಡಲ್ಲ," ಅಂದೆ.

ಅವರು ನನ್ನ ಗ್ರೀಸು ಹತ್ತಿದ ಕೈ ನೋಡಿದರು, ಆಮೇಲೆ ಗ್ಯಾರೇಜಿನ ಬಾಗಿಲಾಚೆ ನೋಡಿದರು.

"ಇದೇ ಬೀದಿ. ಆ ತಿರುವಿನಲ್ಲಿ. ಒಳಗೆ ಬಂದು ಏನು ಹೇಳೋದು ಅಂತ ಯೋಚಿಸ್ತಾ ಕೂತಿರ್ತೀನಿ. ಆಯಿಲ್ ಆಯ್ತು, ಬ್ರೇಕ್ ಆಯ್ತು, ಟೈರ್ ಆಯ್ತು. ಕೊನೆಗೆ ಹಾಕಿಸೋಕೆ ಉಳಿದಿದ್ದು ಸೂಪರ್‌ಚಾರ್ಜರ್ ಒಂದೇ."

ಎಷ್ಟು ತಡೆದರೂ ನಗು ಬಂತು. ನನ್ನ ನಗು ನೋಡಿ ಈಗ ಅವರಿಗೆ ಅನುಮಾನ ಶುರುವಾಯಿತು.

"ನಿಮ್ಮ ಕೈ ತಪ್ಪಲ್ಲ ಅಂತಾರೆ ಎಲ್ರೂ. ಬೇಕಂತಲೇ ವೈರು ಬದಲಾಯಿಸಿದ್ರಾ?"

"ಇಲ್ಲ. ಜೋಡಿಸುವಾಗ ನೀವು ಇಷ್ಟೇ ಹತ್ತಿರ ನಿಂತಿದ್ರಿ. ಕೆಂಪು ಯಾವುದು, ಕಪ್ಪು ಯಾವುದು, ನನಗೆ ಕಾಣಿಸಲೇ ಇಲ್ಲ."

ನಾನು ವೈರಿಗೆ ಕೈ ಹಾಕಿದೆ.

"ಈಗ ಸ್ವಲ್ಪ ದೂರ ನಿಲ್ಲಿ. ಸರಿಯಾಗಿ ಜೋಡಿಸ್ಬೇಕು."

ಅವರು ಕದಲಲಿಲ್ಲ. ನಾನೂ ಇನ್ನೊಮ್ಮೆ ಹೇಳಲಿಲ್ಲ.