ಸೈನೈಡ್ ದಿಬ್ಬಕ್ಕೆ ಬೆಳಕು ಹಿಡಿದವರು ಯಾರು?

ಅದು ಐವತ್ತೆಂಟನೇ ಇಸವಿಯ ಕಾರ್ತಿಕ ಮಾಸ. ಬುಧವಾರ, ಚಿನ್ನದ ಗಣಿಯ ಬೆಳಗಿನ ಪಾಳಿಯ ಸೈರನ್ ಕೂಗಿ ಎರಡು ಗಂಟೆ ಕಳೆದಿತ್ತು. ಉರಿಗಾಂನ ಫೋಟೋ ಸ್ಟುಡಿಯೋ ಮುಂದೆ ಕದಿರಪ್ಪ ನೀರು ಚಿಮುಕಿಸುತ್ತಿದ್ದಾಗ ಒಬ್ಬ ಹೆಂಗಸು ಬಂದು ಮೆಟ್ಟಿಲ ಮೇಲೆಯೇ ಕುಸಿದು ಕೂತಳು.

"ಫೋಟೋ ಅಮ್ಮ ಇದಾರಾ? ಬೂದಿಕೋಟೆಯಿಂದ ಬಂದೆ ಕಣಣ್ಣಾ. ನಾಳೆ ಮಧ್ಯಾಹ್ನ ನನ್ ಗಂಡನ್ನ ಕೋಲಾರದ ಜೈಲಿಗೆ ಸಾಗಿಸ್ತಾರಂತೆ."

ಕದಿರಪ್ಪ ಒಳಗೆ ಕರೆದ. ಹದಿನೆಂಟು ವರ್ಷ ಗಣಿಯೊಳಗೆ ಇಳಿದು, ಎದೆ ತುಂಬ ದೂಳು ತುಂಬಿಕೊಂಡು ಮೇಲೆ ಬಂದ ಮನುಷ್ಯ ಅವನು. ಈಗ ಸ್ಟುಡಿಯೋದಲ್ಲಿ ದೀಪ ಹಿಡಿಯುವುದು, ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುವುದು ಅವನ ಕೆಲಸ. ಯಜಮಾನಿ ಆದಿಲಕ್ಷ್ಮಮ್ಮ. ಗಂಡ ತೀರಿಕೊಂಡ ಮೇಲೆ ಸ್ಟುಡಿಯೋ ಮುಚ್ಚದೆ ನಡೆಸಿಕೊಂಡು ಬಂದಾಕೆ. ಫೋಟೋ ನೋಡಿಯೇ ಸುಳ್ಳು ಹಿಡಿಯುತ್ತಾರೆ ಎಂಬ ಹೆಸರು ಬಂಗಾರಪೇಟೆಯವರೆಗೂ ಇತ್ತು. ಇನ್‌ಸ್ಪೆಕ್ಟರ್ ಕೋದಂಡಪ್ಪನವರೇ ಎರಡು ಸಲ ಬಂದು ಆಕೆಯನ್ನು ಕೇಳಿಕೊಂಡು ಹೋಗಿದ್ದರು.

ಬಂದವಳು ಮುನಿಗಂಗಮ್ಮ. ಅವಳ ಗಂಡ ಕುಪ್ಪುಸ್ವಾಮಿ ಬೂದಿಕೋಟೆಯ ವೆಂಕಟರಾಮಪ್ಪನ ಹಿಪ್ಪುನೇರಳೆ ತೋಟದಲ್ಲಿ ಕೂಲಿ. ಭಾನುವಾರ ರಾತ್ರಿ ಏಳೂವರೆಗೆ ವೆಂಕಟರಾಮಪ್ಪ ಕೂಗಿಕೊಂಡದ್ದು ಕೇಳಿ ಓಡಿದವನು ಅವನೇ. ಯಾರೋ ಗುದ್ದಲಿಯಲ್ಲಿ ತಲೆಗೆ ಹೊಡೆದಿದ್ದರು. ಎತ್ತಿ ಕೂರಿಸಲು ಹೋಗಿ ಕುಪ್ಪುಸ್ವಾಮಿಯ ಪಂಚೆಯೆಲ್ಲ ರಕ್ತವಾಯಿತು. ವೆಂಕಟರಾಮಪ್ಪ ಅಲ್ಲೇ ಸತ್ತ; ಗುದ್ದಲಿಯೂ ಕುಪ್ಪುಸ್ವಾಮಿಯದೇ ಆದ್ದರಿಂದ ಪೊಲೀಸರು ಅವನನ್ನೇ ಹಿಡಿದಿದ್ದರು.

"ವೆಂಕಟರಾಮಪ್ಪನ ಮೇಲೆ ಹಗೆ ಯಾರಿಗಿತ್ತಮ್ಮಾ?" ಎಂದು ಆದಿಲಕ್ಷ್ಮಮ್ಮ ಕೇಳಿದರು.

"ಅವ್ರ ಅಕ್ಕನ ಮಗ ಜಯರಾಮಪ್ಪಂಗೆ. ಇಲ್ಲೇ ಗಣಿ ಆಪೀಸಿನಾಗೆ ಇದಾನಲ್ಲ, ಅವ್ನು. ಮಾವನ ಮಗಳು ನಂಗೇ ಸೇರ್ಬೇಕು ಅಂತ ಹೋದ ವಾರ ಕುಣಿದಾಡ್ಬಿಟ್ಟ. ಕುಡುಕನಿಗೆ ನನ್ ಮಗಳನ್ನ ಕೊಡಾಕಿಲ್ಲ ಅಂದ್ರು ವೆಂಕಟರಾಮಪ್ಪನೋರು. ಪೊಲೀಸ್ನೋರು ಅವನ್ನೂ ಕೇಳಿದ್ರು. ಒಂದು ಫೋಟೋ ತೋರಿಸಿ ಬಚಾವಾಗ್ಬಿಟ್ಟ. ಆ ಫೋಟೋ ಇಲ್ಲೇ ಆಗಿದ್ದಂತೆ."

ಆ ಫೋಟೋ ತೊಳೆದವನು ಕದಿರಪ್ಪನೇ.

ಸೋಮವಾರ ಬೆಳಿಗ್ಗೆ ಎಂಟಕ್ಕೆ, ಸಾವಿನ ಸುದ್ದಿ ಇನ್ನೂ ಉರಿಗಾಂ ಮುಟ್ಟುವ ಮೊದಲೇ, ಜಯರಾಮಪ್ಪ ಫಿಲ್ಮ್ ರೋಲು ತಂದುಕೊಟ್ಟಿದ್ದ. ಭಾನುವಾರ ಮಧ್ಯಾಹ್ನವಷ್ಟೇ ತಾಯಿ ಮಗ ತಿರುಪತಿಯಿಂದ ಮುಡಿ ಕೊಟ್ಟು ಬಂದಿದ್ದರು. ಕದಿರಪ್ಪನ ಕೈಗೆ ಅರ್ಧ ಲಡ್ಡು ಇಟ್ಟು, "ಕದಿರಣ್ಣಾ, ಹಿಂದುಗಡೆ ಚೆನ್ನಾಗಿ ಕಪ್ಪು ಬರ್ಲಿ, ಸಂಜೆಗೇ ಬೇಕು" ಅಂದಿದ್ದ.

ಆದಿಲಕ್ಷ್ಮಮ್ಮ ನೆಗೆಟಿವ್ ತೆಗೆದು ಗಾಜಿನ ಮೇಲಿಟ್ಟರು. ಜೊತೆಗೆ ಒಂದು ಪ್ರತಿಯೂ ಉಳಿದಿತ್ತು. ಗಣಿ ಕ್ವಾರ್ಟರ್ಸಿನ ಸೂರಿನಡಿ ತಾಯಿ ಅಮ್ಮಾಜಮ್ಮ ಕುರ್ಚಿಯ ಮೇಲೆ, ಪಕ್ಕದಲ್ಲಿ ಮಗ. ಇಬ್ಬರದೂ ಬೋಳು ತಲೆ, ತಿರುಪತಿಯ ಗಂಧ ಇನ್ನೂ ಮಾಸಿಲ್ಲ. ಫ್ಲಾಷ್ ಬೆಳಕಿಗೆ ಮುಖಗಳು ಬೆಳ್ಳಗೆ. ಹಿಂದೆಲ್ಲ ಕಾಡಿಗೆ ಬಳಿದಂಥ ಕತ್ತಲೆ.

"ಕತ್ತಲಾದ ಮೇಲೆ ಉರಿಗಾಂನಲ್ಲಿದ್ದವನು ಏಳೂವರೆಗೆ ಬೂದಿಕೋಟೆ ಮುಟ್ಟಲಾರ. ಗಂಧ ನೋಡಿದರೆ ಭಾನುವಾರದ್ದೇ ಫೋಟೋ. ದೀಪ ಹಚ್ಚಿದ ಮೇಲೆ ತೆಗೆದದ್ದು ಅಂತ ತಾಯಿಯೂ ಪೊಲೀಸರಿಗೆ ಹೇಳಿದ್ದಾಳಂತೆ. ಪೊಲೀಸರನ್ನ ಏನಂತ ಬಯ್ಯೋದು?" ಅಂದವರು ಎಡಮೂಲೆಗೆ ಬೆರಳಿಟ್ಟರು. "ಇದೇನು ಕದಿರಣ್ಣಾ?"

ಓರೆಯಾಗಿ ಇಳಿದ ಒಂದು ಮಸುಕು ಗೆರೆ.

"ಗೀರು ಬಿದ್ದದೆ ಅಂದ್ಕಂಡೆ ಅಮ್ಮಾ. ಅದು ಮುಚ್ಚೋಗ್ಲಿ ಅಂತ ಪ್ರತಿ ಮಾಡೋವಾಗ ಕಾಗದಕ್ಕೆ ಇನ್ನೆರಡು ಎಣಿಕೆ ಜಾಸ್ತಿ ಬೆಳಕು ಕೊಟ್ಟೆ, ಕಪ್ಪಾಯ್ತು."

"ಈಗ ಕಡಿಮೆ ಎಣಿಸಿ ಇನ್ನೊಂದು ಮಾಡಿ."

ಕೆಂಪು ದೀಪದಡಿ, ತಟ್ಟೆಯ ಮದ್ದಿನ ನೀರಲ್ಲಿ ಕಾಗದ ಅಲುಗುತ್ತಿತ್ತು. ಮುಖಗಳು ಮಂಕಾಗಿ ಬಂದವು. ಆಮೇಲೆ ಎಡಮೂಲೆ. ಆದಿಲಕ್ಷ್ಮಮ್ಮ ತುಂಬಾ ಹೊತ್ತು ಬಗ್ಗಿ ನೋಡಿ ಕದಿರಪ್ಪನ ಕಡೆ ತಿರುಗಿದರು.

"ನೀವು ಈಗಲೇ ಬಂಗಾರಪೇಟೆಗೆ ಹೋಗಿ ಬನ್ನಿ. ಸ್ಟೇಷನ್ ಹತ್ತಿರದ ಬಾಡಿಗೆ ಸೈಕಲ್ ಶಾಪಿನಲ್ಲಿ ಭಾನುವಾರ ಸಂಜೆಯ ವಿಚಾರ ಕೇಳಿ. ನಾಲ್ಕೂವರೆ ಒಳಗೆ ವಾಪಸ್ಸು ಬರಬೇಕು, ಬೆಳಕು ಹೋಗೋ ಮುಂಚೆ."

ನಾಲ್ಕೂವರೆಗೆ ಇಬ್ಬರೂ ಜಯರಾಮಪ್ಪನ ಕ್ವಾರ್ಟರ್ಸಿನ ಮುಂದಿದ್ದರು. ಮನೆಯವರೆಲ್ಲ ಬೂದಿಕೋಟೆಯ ಸಾವಿನ ಮನೆಯಲ್ಲಿದ್ದರು, ಬಾಗಿಲಿಗೆ ಬೀಗ. ಕದಿರಪ್ಪನನ್ನು ಅದೇ ಸೂರಿನಡಿ ನಿಲ್ಲಿಸಿ ಆದಿಲಕ್ಷ್ಮಮ್ಮ ಮೂರು ಫೋಟೋ ತೆಗೆದರು. ರಾತ್ರಿ ಕದಿರಪ್ಪನಿಗೆ ನಿದ್ದೆ ಬರಲಿಲ್ಲ. ತಾನು ಎರಡು ಎಣಿಕೆ ಜಾಸ್ತಿ ಕೊಟ್ಟಿದ್ದಕ್ಕೆ ಒಬ್ಬ ಬಡವ ನೇಣಿಗೆ ಹೋಗುತ್ತಾನಲ್ಲ ಅನ್ನುವುದೇ ಎದೆಯಲ್ಲಿ ಕೊರೆಯುತ್ತಿತ್ತು.

ಆದಿಲಕ್ಷ್ಮಮ್ಮ ಹೇಳಿಕಳಿಸಿದ್ದಕ್ಕೆ ಗುರುವಾರ ಹತ್ತು ಗಂಟೆಗೆ ಇನ್‌ಸ್ಪೆಕ್ಟರ್ ಎಲ್ಲರನ್ನೂ ಸ್ಟುಡಿಯೋಕ್ಕೆ ಕರೆತಂದರು. ಬೇಡಿ ಹಾಕಿದ ಕುಪ್ಪುಸ್ವಾಮಿ ಬಾಗಿಲ ಬಳಿ ನಿಂತ. ಮುನಿಗಂಗಮ್ಮ ಅವನ ಪಂಚೆಯ ಅಂಚು ಹಿಡಿದೇ ಇದ್ದಳು. ಅಮ್ಮಾಜಮ್ಮ ಸೆರಗನ್ನು ಬೋಳು ತಲೆಯ ಮೇಲೆ ಎಳೆದುಕೊಂಡು ಬೆಂಚಿನ ಮೇಲೆ ಕೂತಳು.

"ಫೋಟೋ ಅಮ್ಮನೋರು ಈಗ ಪೊಲೀಸ್ ಕೆಲ್ಸಕ್ಕೂ ಸೇರ್ಕಂಡ್ರಾ?" ಎಂದು ಜಯರಾಮಪ್ಪ ನಕ್ಕ.

ಆದಿಲಕ್ಷ್ಮಮ್ಮ ಮೇಜಿನ ಮೇಲೆ ಮೂರು ಫೋಟೋ ಹರಡಿದರು.

"ನೋಡಿ ಸಾರ್. ಕ್ಯಾಮೆರಾ ಕಣ್ಣೊಳಗೆ ಒಂದು ತೂತು ಇರುತ್ತೆ, ಅಪರ್ಚರ್ ಅಂತಾರೆ. ಬೇಕಾದರೆ ಅಗಲ ಮಾಡಬಹುದು, ಬೇಡವಾದರೆ ಕಿರಿದು. ಮೂರೂ ನಿನ್ನೆ ನಾಲ್ಕೂವರೆಗೆ ತೆಗೆದದ್ದು. ಮೊದಲನೇದು, ತೂತು ಅಗಲ, ಫ್ಲಾಷ್ ಇಲ್ಲ. ಕದಿರಣ್ಣನೂ ಕಾಣ್ತಾನೆ, ಹಿಂದಿನ ಬಯಲೂ ಕಾಣುತ್ತೆ. ಎರಡನೇದು, ತೂತು ಸೂಜಿಮೊನೆಯಷ್ಟು, ಫ್ಲಾಷ್ ಇಲ್ಲ. ಹೆಚ್ಚುಕಡಿಮೆ ಎಲ್ಲಾ ಕಪ್ಪು."

"ಮೂರನೇದು?" ಎಂದರು ಕೋದಂಡಪ್ಪ.

"ಅದೇ ಸೂಜಿಮೊನೆ, ಹತ್ತಿರದಿಂದ ಫ್ಲಾಷ್."

ಮೂರನೆಯದರಲ್ಲಿ ಕದಿರಪ್ಪನ ಮುಖ ಬೆಳಗುತ್ತಿತ್ತು. ಹಿಂದೆ ನಡುರಾತ್ರಿಯ ಕತ್ತಲೆ.

"ಹಗಲು ನಾಲ್ಕೂವರೆಗಾ?"

"ಹೌದು ಸಾರ್. ಸಣ್ಣ ತೂತಿನಲ್ಲಿ, ಕಣ್ಣು ಮಿಟುಕಿಸೋ ಅಷ್ಟರಲ್ಲಿ ಹಗಲು ಬೆಳಕು ಒಳಕ್ಕೆ ಬರೋದು ಬಹಳ ಕಡಿಮೆ. ಫ್ಲಾಷ್ ಬಲ್ಬು ಹತ್ತಿರ ಇದ್ದವರ ಮೇಲೆ ಜೋರಾಗಿ ಬೀಳುತ್ತೆ, ಆ ಸಣ್ಣ ತೂತಿನಲ್ಲೂ ಅವರು ಮೂಡ್ತಾರೆ. ದೂರದ್ದೆಲ್ಲ ಕತ್ತಲಾಗುತ್ತೆ. ನಿಜವಾದ ರಾತ್ರಿಗೂ ಇದಕ್ಕೂ ಫೋಟೋದಲ್ಲಿ ವ್ಯತ್ಯಾಸ ಗೊತ್ತಾಗಲ್ಲ."

"ಮಾಡ್ಬೋದು ಅಂದ್ಮಾತ್ರಕ್ಕೆ ನಾನು ಮಾಡ್ದೆ ಅಂತಾನಾ?" ಜಯರಾಮಪ್ಪನ ದನಿ ಏರಿತು.

ಆದಿಲಕ್ಷ್ಮಮ್ಮ ತಿಳಿಯಾಗಿ ಮಾಡಿಸಿದ ಪ್ರತಿಯನ್ನು ಮುಂದಿಟ್ಟರು. ಗೀರು ಎಂದುಕೊಂಡಿದ್ದ ಗೆರೆ ಈಗ ಬಿಸಿಲು ಬಿದ್ದ ಒಂದು ಇಳಿಜಾರು. ಅದರ ಹಿಂದೆ ಮೋಡ. ಚಿನ್ನ ತೆಗೆದು ಉಳಿದ, ಸೈನೈಡ್ ಬೆರೆತ ಗಣಿಯ ಪುಡಿ ಸುರಿದು ಸುರಿದು ಬೆಳೆದ ಸೈನೈಡ್ ದಿಬ್ಬ. ನಿನ್ನೆಯ ಮೊದಲನೇ ಫೋಟೋದಲ್ಲಿ ಕದಿರಪ್ಪನ ಹಿಂದೆಯೂ ಅದೇ ಇಳಿಜಾರು, ಅದೇ ಜಾಗದಲ್ಲಿ.

"ಇಲ್ಲಿಯವರು ದಿನಾ ಅದನ್ನ ನೋಡಿ ನೋಡಿ, ಅದು ಕಣ್ಣಿಗೆ ಬೀಳೋದೇ ಬಿಟ್ಟಿದೆ. ನಿಮಗೂ ಬೀಳಲಿಲ್ಲ ಜಯರಾಮಪ್ಪ. ಫ್ಲಾಷ್ ಬೆಳಕು ಐದಾರು ಮಾರು ದಾಟಲ್ಲ. ದಿಬ್ಬ ಇರೋದು ಅರ್ಧ ಮೈಲಿ ಆಚೆ. ಅದಕ್ಕೆ ಬೆಳಕು ಹಿಡಿದವರು ಯಾರು?"

"ಬೆಳದಿಂಗಳಿತ್ತು!"

"ಬೆಳದಿಂಗಳಲ್ಲಿ ದಿಬ್ಬ ಮೂಡಬೇಕಾದರೆ ತೂತು ಅಗಲ ಬಿಟ್ಟು ಗಳಿಗೆಗಟ್ಟಲೆ ಅಲುಗದೆ ನಿಂತಿರಬೇಕು. ನಿಮ್ಮ ತಾಯಿ ಕಣ್ಣಿನ ರೆಪ್ಪೆ ಕೂಡ ಅಲುಗಿಲ್ಲ. ಅದು ಇಳಿ ಬಿಸಿಲು. ಕ್ಯಾಮೆರಾ ಸ್ಟೂಲಿನ ಮೇಲಿಟ್ಟು ತಾನೇ ಕ್ಲಿಕ್ ಆಗೋ ಹಾಗೆ ತಿರುಗಿಸಿದಿರಿ. ಐದರ ರೈಲು ಹಿಡಿದಿರಿ. ಬಂಗಾರಪೇಟೆಯಲ್ಲಿ ಸೈಕಲ್ ತಗೊಂಡಿರಿ. ಬೋಳು ತಲೆಗೆ ಗಂಧ ಹಚ್ಚಿದ್ದವನು ಅಂತ ಶಾಪಿನವನು ಮರೆತಿಲ್ಲ."

"ಬೋಳು ತಲೆ ಊರ್ತುಂಬಾ ಅವೆ!" ಎಂದವನು ತಾಯಿಯ ಕಡೆ ತಿರುಗಿದ. "ಅಮ್ಮಾ, ಯೋಳಮ್ಮಾ! ದೀಪ ಹಚ್ಚಿದ ಮ್ಯಾಲೆ ಅಲ್ವಾ?"

ಕುಪ್ಪುಸ್ವಾಮಿಯ ಬೇಡಿ ಒಂದು ಸಲ ಸದ್ದು ಮಾಡಿತು. ಅಮ್ಮಾಜಮ್ಮ ಫೋಟೋ ಕೈಗೆ ತಗೊಂಡು ಕಣ್ಣ ಹತ್ತಿರ ಹಿಡಿದಳು.

"ಹಸ ಇನ್ನೂ ಮನೆಗೆ ಬಂದಿರ್ಲಿಲ್ಲ" ಅಂದಳು, ಮೆತ್ತಗೆ. "ಒಲೆ ಹಚ್ಚಿರ್ಲಿಲ್ಲ. ಯಾರು ಕೇಳಿದ್ರೂ ದೀಪ ಹಚ್ಚಿದ ಮ್ಯಾಲೆ ಅನ್ನು ಅಂದೆ ನೀನು. ಮಗ ಅಂದ ಅಂತ ಅಂದ್ಬಿಟ್ಟೆ. ಯಾಕೆ ಅಂತ ಕೇಳ್ಲಿಲ್ಲ. ಅವ್ನು ನನ್ ತಮ್ಮ ಕಣೋ. ಈ ಸೊಂಟದ ಮ್ಯಾಲೆ ಹೊತ್ತು ಸಾಕಿದ್ದೆ."

ಜಯರಾಮಪ್ಪ ಗೋಡೆಗೆ ಒರಗಿ ಹಾಗೇ ಜಾರಿ ಕೂತ. "ನಂಗೆ ಬರ್ಬೇಕಾದವ್ಳನ್ನ ಮಾವ ಬೇರೆಯವ್ನಿಗೆ ಗೊತ್ತು ಮಾಡ್ದ" ಎಂದಷ್ಟೇ ಗೊಣಗಿದ.

ಇನ್‌ಸ್ಪೆಕ್ಟರ್ ಎದ್ದು ಕುಪ್ಪುಸ್ವಾಮಿಯ ಬೇಡಿ ಬಿಚ್ಚಿದರು, ಅದನ್ನೇ ಜಯರಾಮಪ್ಪನ ಕೈಗೆ ಹಾಕಿದರು. ಮಧ್ಯಾಹ್ನ ಜೀಪು ಕೋಲಾರಕ್ಕೆ ಹೊರಟಾಗ ಕುಪ್ಪುಸ್ವಾಮಿ, ಮುನಿಗಂಗಮ್ಮ ನಡೆದುಕೊಂಡೇ ಸ್ಟೇಷನ್ ಕಡೆ ಹೋದರು. ದಾರಿಯುದ್ದಕ್ಕೂ ಅವಳು ಪಂಚೆಯ ಅಂಚು ಬಿಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಕದಿರಪ್ಪ ಬಾಗಿಲು ತೆಗೆಯುವಾಗ ಅಮ್ಮಾಜಮ್ಮ ಗಂಟು ಹೊತ್ತು ನಿಂತಿದ್ದಳು. ಕ್ವಾರ್ಟರ್ಸಿನ ಬೀಗದ ಕೈಯನ್ನು ಅವನಿಗೆ ಕೊಟ್ಟು, ಗಣಿ ಆಪೀಸಿನವರಿಗೆ ಮುಟ್ಟಿಸಲು ಹೇಳಿದಳು. ಆಮೇಲೆ ಮಡಿಲಿನಿಂದ ಆ ಕಪ್ಪು ಫೋಟೋ ತೆಗೆದಳು.

"ತಮ್ಮನ ಮಗಳು ಒಂಟಿಯಾಗವ್ಳೆ, ಅವಳ ಜೊತೆ ಇರಾಕೆ ಹೋಗ್ತೀನಿ. ಇದನ್ನ ಆ ಮನೆಯಾಗೆ ಇಡಾಕಾಗಾಕಿಲ್ಲ. ಬಿಸಾಕಾಕೂ ಆಗಾಕಿಲ್ಲ. ನಿಮ್ಮತ್ರಾನೇ ಇರ್ಲಿ."

ಕದಿರಪ್ಪ ಎರಡೂ ಕೈಯಲ್ಲಿ ಇಸಕೊಂಡ. ಅಂದು ಶುಕ್ರವಾರ. ಏಳು ಗಂಟೆಯ ರೈಲಿಗೆ ಅಮ್ಮಾಜಮ್ಮ ಉರಿಗಾಂ ಬಿಟ್ಟು ಹೋದಳು.