ತೊಡೆಗೆ ಏಳು ನಿಮಿಷ

ಆಂಜಿನಪ್ಪನ ಶ್ವಾಸಕೋಶದ ಕ್ಯಾನ್ಸರ್ ಗಡ್ಡೆ ಕುಗ್ಗುತ್ತಿತ್ತು. ಕುಗ್ಗದೆ ಉಳಿದದ್ದು ಹೆಂಡತಿ ಮರಿಯಮ್ಮನ ಕಾಯಿದೆ ಮಾತ್ರ: ಮಾಂಸ ಬಂದ್, ಎರಡು ಹೊತ್ತೂ ಸೋರೆಕಾಯಿ. ಡಾಕ್ಟರು ಹಾಗೆ ಹೇಳಿರಲಿಲ್ಲ. ಆದರೆ ಮರಿಯಮ್ಮನ ತೀರ್ಪಿನ ಮೇಲೆ ಅಪೀಲು ಹೋಗಲು ಮಹದೇವಪುರದಲ್ಲಿ ಕೋರ್ಟಿರಲಿಲ್ಲ. ಬಾಡೂಟ ಕಂಡು ಏಳು ತಿಂಗಳಾಗಿತ್ತು.

ಮುಂದಿನ ಸಲದಿಂದ ಡ್ರಿಪ್ ಬೇಡ, ಅದೇ ಔಷಧಿಯನ್ನು ತೊಡೆಯ ಚರ್ಮದಡಿಗೆ ಚುಚ್ಚುತ್ತೇವೆ ಎಂದರು ಆಸ್ಪತ್ರೆಯವರು. ಡ್ರಿಪ್ಪಿನ ದಿನ ಬೆಡ್ಡು ಸಿಕ್ಕಿ, ಬಾಟಲಿ ಮುಗಿದು, ಮನೆ ಸೇರುವಾಗ ಮಧ್ಯಾಹ್ನ ಮೂರು ಗಂಟೆ. ಇದಕ್ಕೆ ಏಳೇ ನಿಮಿಷ. ಮರಿಯಮ್ಮನಿಗೆ ಇದು ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಗರಡಿಯ ಕಾಲದ ಚಟದಂತೆ ಆಂಜಿನಪ್ಪ ಫಟ್ಟನೆ ತೊಡೆ ತಟ್ಟಿದ.

ಯೋಜನೆಗೆ ಮೂರು ವಾರ ಹಿಡಿಯಿತು. ದಿನ ಬುಧವಾರ, ಅಂದು ನೀರಿನ ಟ್ಯಾಂಕರ್ ಬರುತ್ತದೆ, ಮರಿಯಮ್ಮ ಮನೆ ಬಿಟ್ಟು ಕದಲುವುದಿಲ್ಲ. ಬೀದಿಯ ಆಟೋದವರೆಲ್ಲ ಅವನ ಮನೆಗಳ ಬಾಡಿಗೆದಾರರು, ಎಲ್ಲಿ ಇಳಿಸಿದೆವೆಂದು ಮರಿಯಮ್ಮನಿಗೆ ಹೇಳಿಬಿಡುತ್ತಾರೆ, ಆದ್ದರಿಂದ ಬಸ್ಸು. ಡ್ರಿಪ್ಪಿನ ಸಾಕ್ಷ್ಯಕ್ಕೆ ಎಡಗೈ ಮೇಲೆ ಅಂಟಿಸಲು ಹತ್ತಿ, ಪ್ಲಾಸ್ಟರ್. ಬಾಡಿನ ವಾಸನೆ ಮುಚ್ಚಲು ಲವಂಗ, ಬದಲಿ ಅಂಗಿ.

ನರ್ಸ್ ಕೃಪಾ ಚುಚ್ಚುವಾಗ ಅವನು ಸೂರು ನೋಡುತ್ತಾ ಲೆಕ್ಕ ಹಾಕಿದ: ತಲೆಮಾಂಸವೋ, ಬೋಟಿಯೋ?

“ಅಂಕಲ್, ಎರಡು ದಿನ ತೊಡೆ ಹುಷಾರು, ನೋವಿರತ್ತೆ.”

“ಆಯ್ತಮ್ಮಾ,” ಎಂದ. ಎರಡೂ, ಎಂದು ತೀರ್ಮಾನಿಸಿದ್ದ.

ಹೊಸಕೋಟೆ ರಸ್ತೆಯ ಮಿಲಿಟರಿ ಹೋಟೆಲಿನಲ್ಲಿ ಎರಡನೇ ಮುದ್ದೆ ಮುರಿಯುವಾಗ ಫೋನು ಬಂತು.

“ಏನ್ರೀ, ಡ್ರಿಪ್ ಹಾಕಿದ್ರಾ?”

“ಓಡ್ತೈತೆ ಕಣೆ. ಅರ್ಧ ಬಾಟ್ಲಿ ಆಗೈತೆ.”

“ಅದೇನು ತಟ್ಟೆ ಸದ್ದು?”

“ಪಕ್ಕದ್ ಬೆಡ್ಡಿನೋರ್ಗೆ ಗಂಜಿ ಕೊಡ್ತಾವ್ರೆ.”

ಸರಿಯಾಗಿ ಮೂರಕ್ಕೆ ಮನೆ ಸೇರಿದ. ಮರಿಯಮ್ಮ ಎಡಗೈ ಹಿಡಿದು ಪ್ಲಾಸ್ಟರ್ ನೋಡಿದಳು. ಅವಳ ಕಣ್ಣು ತುಂಬಿತು.

“ಪಾಪ, ಎಷ್ಟ್ ಸುಸ್ತಾಗಿದೀರ! ಇಷ್ಟ್ ದಿನ ನಾನೂ ಜಾಸ್ತಿ ಕಟ್ಟುನಿಟ್ಟು ಮಾಡ್ಬಿಟ್ಟೆ. ಭಾನ್ವಾರ ಅರ್ಧ ಕೇಜಿ ಮಟನ್ ತರುಸ್ಲಾ?”

ಹೋಟೆಲಿನ ಊಟ, ಮೇಲೆ ಭಾನುವಾರದ ಊಟ! ಇಂಥ ಗೆಲುವು ಗರಡಿಯಲ್ಲೂ ಸಿಕ್ಕಿರಲಿಲ್ಲ. ಆಂಜಿನಪ್ಪ ಫಟ್ಟನೆ ತೊಡೆ ತಟ್ಟಿದ, ಮರುಕ್ಷಣವೇ “ಅಯ್ಯಯ್ಯೋ!” ಎಂದು ಕಿರುಚಿದ. ಗಾಬರಿಬಿದ್ದ ಮರಿಯಮ್ಮ ಪಂಚೆ ಸರಿಸಿದಳು. ಅಲ್ಲೊಂದು ಪ್ಲಾಸ್ಟರ್ ಇತ್ತು. ಅವನು ಸೂರು ನೋಡುತ್ತಿದ್ದಾಗ ಕೃಪಾ ಅದರ ಮೇಲೆ ನೀಲಿ ಪೆನ್ನಿನಲ್ಲಿ ದುಂಡಗೆ ಬರೆದಿದ್ದಳು: ಇಂದಿನ ತಾರೀಖು, ಇಂಜೆಕ್ಷನ್ ಶುರು 10.05, ಮುಗಿದದ್ದು 10.12.